ಮಕ್ಕಳನ್ನು ಮೈದಾನದಿಂದ ಹೊರಗೆ ಕರೆಯುವ ಮುನ್ನ

ಕಳೆದ ರಜೆಯಲ್ಲಿ ಹೊಸೂರಿನ ಹೊರವಲಯದ ಒಂದು ಮೈದಾನದಲ್ಲಿ ಹುಡುಗರ ಸೆವೆನ್ಸ್ ಪಂದ್ಯ ಇತ್ತು. ಊರು ಬಿಟ್ಟು ವ್ಯಾಪಾರಕ್ಕೆಂದು ಇಲ್ಲಿ ಬಂದು ನೆಲೆಸಿದ ನಮ್ಮ ಕೆಲವು ಬ್ಯಾರಿ ಮನೆಗಳ ಮಕ್ಕಳೇ ಸೇರಿ ಒಂದು ತಂಡ ಕಟ್ಟಿದ್ದರು. ಎದುರು ತಂಡ ಗೋಲು ಹೊಡೆಯಿತು. ಅದಕ್ಕೂ ಮೊದಲೇ ಚೆಂಡು ಗೆರೆ ದಾಟಿತ್ತು ಎಂದು ನಮ್ಮ ಹುಡುಗರು ವಾದಿಸಿದರು. ರೆಫರಿ ಒಪ್ಪಲಿಲ್ಲ. ಹೊರಗೆ ನಿಂತಿದ್ದ ಹಿರಿಯರೊಬ್ಬರು "ಬನ್ನಿ ಮಕ್ಕಳೇ, ಆಡಿದ್ದು ಸಾಕು" ಎಂದು ಕೂಗಿದರು. ಏಳೂ ಮಂದಿ ಹೊರಗೆ ಬಂದರು. ನಾವು ಚಪ್ಪಾಳೆ ತಟ್ಟಿದೆವು. ಹೌದು, ತಟ್ಟಿದವರಲ್ಲಿ ನಾನೂ ಇದ್ದೆ. ಮನೆಗೆ ಬರುವಾಗ ಬೈಕಿನ ಹಿಂದೆ ಕೂತಿದ್ದ ಮಗ ಕೇಳಿದ: "ಉಪ್ಪಾ, ಇನ್ನೂ 12 ನಿಮಿಷ ಇತ್ತಲ್ಲಾ?"

ನನ್ನಲ್ಲಿ ಉತ್ತರ ಇರಲಿಲ್ಲ.

ದೊಡ್ಡ ತಂಡಗಳೂ ಇದನ್ನು ಮಾಡಿವೆ. ನಮ್ಮಿಂದ ಸುಮಾರು 40 ಕಿ.ಮೀ. ದೂರದ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 2023ರ ಮಾರ್ಚ್ 3ರಂದು ನಡೆದದ್ದು ನಿಮಗೆ ನೆನಪಿರಬಹುದು. ಐಎಸ್‌ಎಲ್ ಪ್ಲೇಆಫ್ ಪಂದ್ಯ, ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್. ಕಾಸರಗೋಡಿನ ನೆಂಟರು ಹಳದಿ, ಬೆಂಗಳೂರಿನವರು ನೀಲಿ ಎಂದು ನಮ್ಮ ಮನೆಗಳೇ ಇಬ್ಭಾಗವಾಗಿದ್ದ ರಾತ್ರಿ ಅದು. 90 ನಿಮಿಷ ಗೋಲಿಲ್ಲ. ಹೆಚ್ಚುವರಿ ಅವಧಿಯ 96ನೇ ನಿಮಿಷದಲ್ಲಿ ಫ್ರೀಕಿಕ್ ಸಿಕ್ಕಿತು. ಬ್ಲಾಸ್ಟರ್ಸ್ ಆಟಗಾರರು ಇನ್ನೂ ಗೋಡೆ ಕಟ್ಟಿ ನಿಲ್ಲುವ ಮೊದಲೇ ಸುನಿಲ್ ಛೇತ್ರಿ ಚೆಂಡನ್ನು ಗೋಲಿಗೆ ಸೇರಿಸಿದರು. ಎದುರಾಳಿ ಗೋಡೆ ಕಟ್ಟುವವರೆಗೆ ಕಾಯಬೇಕೆಂದು ನಿಯಮದಲ್ಲಿ ಇಲ್ಲ. ರೆಫರಿ ಕಾಯಲು ಹೇಳಿದ್ದರೆ ಮಾತ್ರ ಸೀಟಿಗೆ ಕಾಯಬೇಕು. ಜಗಳ ಇದ್ದದ್ದು ಅಲ್ಲಿಯೇ. ರೆಫರಿ ಗೋಲು ಕೊಟ್ಟರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನು ಹೊರಗೆ ಕರೆದರು. ಅವರು ಮರಳಿ ಬರಲಿಲ್ಲ, ಪಂದ್ಯ ಬೆಂಗಳೂರಿನ ಪಾಲಾಯಿತು. ಆಮೇಲೆ ಎಐಎಫ್‌ಎಫ್ ಶಿಸ್ತು ಸಮಿತಿ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು, ಕೋಚ್‌ಗೆ 10 ಪಂದ್ಯಗಳ ನಿಷೇಧ ವಿಧಿಸಿತು.

ಗೋಲು ಸರಿಯೋ ತಪ್ಪೋ ಎಂದು ಇವತ್ತಿಗೂ ವಾದ ಮಾಡಬಹುದು. ಆದರೆ ಆಗ ಇನ್ನೂ 24 ನಿಮಿಷ ಉಳಿದಿತ್ತು, ಬೇಕಾಗಿದ್ದದ್ದು ಒಂದೇ ಒಂದು ಗೋಲು. ಆ 24 ನಿಮಿಷವನ್ನು ಬ್ಲಾಸ್ಟರ್ಸ್‌ನಿಂದ ರೆಫರಿ ಕಿತ್ತುಕೊಳ್ಳಲಿಲ್ಲ, ಅವರಾಗಿಯೇ ಕೊಟ್ಟುಬಿಟ್ಟರು.

ಹೊರಗೆ ಹೋಗುವ ವಿಷಯದಲ್ಲಿ ಫುಟ್‌ಬಾಲ್ ನಿಯಮ ಏನು ಹೇಳುತ್ತದೆ ಎಂದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಚೆಂಡಿನ ಹಿಂದೆ ಓಡುತ್ತಾ ಗೆರೆ ದಾಟಿದರೆ ತಪ್ಪಲ್ಲ. ಗಾಯದಿಂದ ರಕ್ತ ಬರುತ್ತಿದ್ದರೆ ಹೊರಗೆ ಹೋಗಲೇಬೇಕು, ರೆಫರಿ ಸನ್ನೆ ಮಾಡಿದ ಮೇಲೆಯೇ ಒಳಗೆ ಬರಬೇಕು. ಆದರೆ ರೆಫರಿಯ ಅನುಮತಿ ಇಲ್ಲದೆ ಬೇಕೆಂದೇ ಹೊರಗೆ ಹೋದರೆ ಹಳದಿ ಕಾರ್ಡ್. ಹಾಗೆ ಹೋದ ಡಿಫೆಂಡರ್‌ನನ್ನು ಆಫ್‌ಸೈಡ್ ನೋಡುವಾಗ ಗೋಲು ಗೆರೆಯ ಮೇಲೇ ಇದ್ದಾನೆ ಎಂದು ಲೆಕ್ಕ ಹಿಡಿಯುತ್ತಾರೆ. ಹೊರಗೆ ನಿಂತು ಎದುರಾಳಿಯನ್ನು ಆಫ್‌ಸೈಡ್ ಮಾಡುವ ಉಪಾಯ ನಡೆಯುವುದಿಲ್ಲ. 11 ಮಂದಿಯ ಆಟದಲ್ಲಿ ಒಂದು ತಂಡದಲ್ಲಿ ಏಳಕ್ಕಿಂತ ಕಡಿಮೆ ಜನ ಉಳಿದರೆ ಪಂದ್ಯ ಮುಂದುವರಿಯುವಂತಿಲ್ಲ.

ಗೆರೆಯ ಆಚೆ ನಿಂತ ದೊಡ್ಡವರ ಮಾತಿಗೆ ಗಲ್ಫ್‌ನ ಒಂದು ಹಳೆಯ ಉದಾಹರಣೆ ಇದೆ. 1982ರ ವಿಶ್ವಕಪ್‌ನಲ್ಲಿ ಕುವೈತ್ ಮತ್ತು ಫ್ರಾನ್ಸ್ ಆಡುತ್ತಿದ್ದವು. ಗ್ಯಾಲರಿಯಿಂದ ಬಂದ ಸೀಟಿಯನ್ನು ರೆಫರಿಯದೆಂದು ತಿಳಿದು ಕುವೈತ್ ಆಟಗಾರರು ನಿಂತುಬಿಟ್ಟರು, ಫ್ರಾನ್ಸ್ ಗೋಲು ಹೊಡೆಯಿತು. ಕುವೈತ್ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷ ಶೇಖ್ ಫಹದ್ ಮೈದಾನಕ್ಕೇ ಇಳಿದು ಬಂದರು. ರೆಫರಿ ಗೋಲನ್ನು ರದ್ದು ಮಾಡಿದರು. ಆದರೂ ಫ್ರಾನ್ಸ್ 4-1ರಿಂದ ಗೆದ್ದಿತು. ಅದೇ ಕೂಟದಲ್ಲಿ ಕುವೈತ್ ಹುಡುಗರು ಚೆಕೊಸ್ಲೊವಾಕಿಯಾದೊಂದಿಗೆ 1-1 ಸಮ ಮಾಡಿಕೊಂಡಿದ್ದರು. ಅದನ್ನು ಯಾರು ನೆನೆಯುತ್ತಾರೆ? ಎಲ್ಲರ ಬಾಯಲ್ಲೂ ಉಳಿದಿರುವುದು ಶೇಖ್ ಇಳಿದು ಬಂದ ಕಥೆ.

ಹಾಗಾದರೆ ಏನಾದರೂ ಸಹಿಸಿಕೊಂಡೇ ಇರಬೇಕೇ? ಇಲ್ಲ. ಧರ್ಮ, ಭಾಷೆ, ಮೈಬಣ್ಣ ಹಿಡಿದು ಬೈಯುವುದು ಬೇರೆ ವಿಷಯ. ಗಡಿಭಾಗದಲ್ಲಿ ಆಡುವ ನಮ್ಮ ಮಕ್ಕಳ ಕಿವಿಗೆ ಅಂಥ ಮಾತು ಬೀಳುವುದಿಲ್ಲ ಎಂದು ನಾನು ಹೇಳಲಾರೆ. 2020ರ ಡಿಸೆಂಬರ್ 8ರಂದು ಪ್ಯಾರಿಸ್‌ನಲ್ಲಿ ಪಂದ್ಯದ ಅಧಿಕಾರಿಯೊಬ್ಬರು ಆಡಿದ ಮಾತಿಗೆ ಪಿಎಸ್‌ಜಿ ಮತ್ತು ಇಸ್ತಾಂಬುಲ್‌ನ ಬಷಾಕ್‌ಶೆಹಿರ್ ತಂಡಗಳು ಎರಡೂ ಒಟ್ಟಾಗಿ ಹೊರನಡೆದವು. ಮರುದಿನ ಬೇರೆ ರೆಫರಿಗಳೊಂದಿಗೆ ಪಂದ್ಯ ಮುಗಿಯಿತು. ಪ್ರೇಕ್ಷಕರ ಜನಾಂಗೀಯ ನಿಂದನೆಗೆ ರೆಫರಿ ಮೊದಲು ಆಟ ನಿಲ್ಲಿಸುವುದು, ನಂತರ ತಡೆಹಿಡಿಯುವುದು, ಕೊನೆಗೆ ಪಂದ್ಯವನ್ನೇ ಕೈಬಿಡುವುದು ಎಂಬ ಮೂರು ಹಂತದ ಕ್ರಮವೂ ಇದೆ. ಮಾನದ ಪ್ರಶ್ನೆ ಬಂದಾಗ ಹೊರಗೆ ಬರುವುದಕ್ಕೂ ಒಂದು ಥ್ರೋ ಸಿಗಲಿಲ್ಲವೆಂದು ಹೊರಗೆ ಬರುವುದಕ್ಕೂ ವ್ಯತ್ಯಾಸವಿದೆ. ಎರಡನ್ನೂ ಒಂದೇ ಮಾಡಿದರೆ ನಿಜವಾದ ಅವಮಾನ ಆದ ದಿನ ನಮ್ಮ ಮಾತನ್ನು ಯಾರೂ ನಂಬುವುದಿಲ್ಲ.

ಆದ್ದರಿಂದ ನಮ್ಮ ಯುವಕರು ಟೂರ್ನಮೆಂಟ್ ಮಾಡುವಾಗ ಟ್ರೋಫಿ ಖರೀದಿಸುವ ಮೊದಲು ನಾಲ್ಕು ಸಾಲು ಬರೆದಿಡಲಿ. ರೆಫರಿಯೊಡನೆ ಕ್ಯಾಪ್ಟನ್ ಮಾತ್ರ ಮಾತಾಡಬೇಕು. ಸೆವೆನ್ಸ್‌ನಲ್ಲಿ ಕನಿಷ್ಠ ಎಷ್ಟು ಮಂದಿ ಮೈದಾನದಲ್ಲಿರಬೇಕು ಎಂಬುದು ಮೊದಲೇ ತೀರ್ಮಾನವಾಗಿರಬೇಕು. ತಕರಾರು ಇದ್ದರೆ ಪಂದ್ಯ ಪೂರ್ತಿ ಆಡಿ, ಮುಗಿದ ಅರ್ಧ ಗಂಟೆಯೊಳಗೆ ಬರೆದು ಕೊಡಬೇಕು. ಆಟಗಾರರನ್ನು ಹೊರಗೆ ಕರೆದ ಹಿರಿಯರು ಆ ಟೂರ್ನಮೆಂಟ್ ಮುಗಿಯುವವರೆಗೆ ಮೈದಾನದ ಬಳಿ ಬರಬಾರದು. ಈ ಕೊನೆಯ ಸಾಲು ಕೆಲವರಿಗೆ ಕಹಿಯಾಗಬಹುದು. ಆದರೆ ಸಬ್ರ್ ಬಗ್ಗೆ ಮಕ್ಕಳಿಗೆ ಉಪದೇಶ ಮಾಡುವವರು ನಾವೇ ತಾನೆ?

ಮಗನಿಗೆ ಈಗ ಉತ್ತರ ಕೊಟ್ಟಿದ್ದೇನೆ. ಆ 12 ನಿಮಿಷವನ್ನು ನಿಮ್ಮಿಂದ ಕಸಿದುಕೊಂಡವರು ನಾವು, ದೊಡ್ಡವರು ಎಂದೆ. ಮುಂದಿನ ಸಲ ಯಾರೇ ಹೊರಗೆ ಕರೆದರೂ, ನಾನೇ ಕರೆದರೂ, ರೆಫರಿಯನ್ನು ಕೇಳದೆ ಬರಬೇಡ ಎಂದೂ ಹೇಳಿದ್ದೇನೆ.