ಮೃತ ಸಮುದ್ರದ ಸ್ನಾನವೂ ಪಂಕ್ತಿಯ ಊಟವೂ

ನೀರಿನಲ್ಲಿ ಮಿಂದರೆ ರೋಗ ಕಳೆಯುವುದೆಂಬ ನಂಬಿಕೆ ಎಲ್ಲ ದೇಶಗಳಲ್ಲಿಯೂ ಉಂಟು. ಅದನ್ನು ಒಮ್ಮೆಲೇ ತಳ್ಳಿಹಾಕುವುದೂ ಸಲ್ಲದು, ವಿಚಾರಿಸದೆ ಒಪ್ಪುವುದೂ ಸಲ್ಲದು. ಇದಕ್ಕೆ ಮೃತ ಸಮುದ್ರವು ತಕ್ಕ ನಿದರ್ಶನ.

ಇಸ್ರೇಲ್ ಮತ್ತು ಜೋರ್ಡಾನ್ ದೇಶಗಳ ನಡುವಣ ಈ ಉಪ್ಪುಸರೋವರ ಸಮುದ್ರಮಟ್ಟಕ್ಕಿಂತ 430 ಮೀಟರಿಗೂ ಹೆಚ್ಚು ಕೆಳಗಿದೆ. ಅದರ ಲವಣಾಂಶ ಸಾಗರದ ನೀರಿಗಿಂತ ಸುಮಾರು ಹತ್ತು ಪಟ್ಟು. ಕಳೆದ ಶತಮಾನದ ಉತ್ತರಾರ್ಧದಿಂದ ಸೋರಿಯಾಸಿಸ್ ಎಂಬ ಹಟಮಾರಿ ಚರ್ಮರೋಗದಿಂದ ಬಳಲುವವರು ಅಲ್ಲಿಗೆ ಹೋಗಿ ಸುಮಾರು ನಾಲ್ಕು ವಾರ ತಂಗುತ್ತಾರೆ. ದಿನವೂ ಮೀಯುತ್ತಾರೆ, ಅಳತೆಯರಿತು ಬಿಸಿಲು ಕಾಯುತ್ತಾರೆ. ಬಹುಮಂದಿಯ ಮೈಮೇಲಣ ಕೆಂಪು ಮಚ್ಚೆ, ಬಿಳಿಯ ಹೊಟ್ಟು ಗಣನೀಯವಾಗಿ ಅಡಗುತ್ತವೆ.

ಇದರಲ್ಲಿ ಪವಾಡವೇನೂ ಇಲ್ಲ. ಅಷ್ಟು ತಗ್ಗಿನ ನೆಲದ ಮೇಲೆ ಗಾಳಿಯ ಪದರ ದಪ್ಪ. ಆವಿಯ ಮಬ್ಬೂ ಕವಿದಿರುತ್ತದೆ. ಚರ್ಮವನ್ನು ಸುಡುವ ಅತಿನೇರಳೆ ಕಿರಣಗಳು ಸೋಸಿ ಬರುವುದರಿಂದ ರೋಗಿ ಹೆಚ್ಚು ಹೊತ್ತು ಬಿಸಿಲಿನಲ್ಲಿರಬಲ್ಲನು. ಉಪ್ಪುನೀರು ಹೊಟ್ಟನ್ನು ಸಡಿಲಿಸುತ್ತದೆ. ಆಸ್ಪತ್ರೆಗಳಲ್ಲಿ ದೀಪಗಳಿಂದ ಕೊಡುವ ಕಿರಣಚಿಕಿತ್ಸೆಯ ತತ್ತ್ವವೂ ಇದೇ. ಆದರೆ ರೋಗದ ಮೂಲವಿರುವುದು ದೇಹದ ರಕ್ಷಣಾವ್ಯವಸ್ಥೆಯ ಏರುಪೇರಿನಲ್ಲಿ. ಸ್ನಾನವು ಅದನ್ನು ಕೀಳಲಾರದು. ಕೆಲವು ತಿಂಗಳ ಬಳಿಕ ಮಚ್ಚೆಗಳು ಮರಳುವುದೇ ಹೆಚ್ಚು. ಅತಿಬಿಸಿಲಿನಿಂದ ಚರ್ಮದ ಕ್ಯಾನ್ಸರಿನ ಭಯವೂ ಉಂಟು. ವೈದ್ಯರ ಮಾತನ್ನು ಬಿಟ್ಟು ಬಿಸಿನೀರಿನ ಬುಗ್ಗೆಗಳನ್ನೇ ನಂಬಿ ಹೋಗುವವರು ಇದನ್ನು ಮರೆಯಬಾರದು.

ಆ ತೀರದಲ್ಲಿ ಮತ್ತೊಂದು ಔಷಧವೂ ಇದೆ. ಅಲ್ಲಿ ಒಬ್ಬರಂತೆಯೇ ಹಲವರು ಸಮದುಃಖಿಗಳು. ತೋಳು ಮುಚ್ಚಿಕೊಳ್ಳಬೇಕಾದ ನಾಚಿಕೆಯಿಲ್ಲ, ನೋಡಿ ಮುಖ ತಿರುಗಿಸುವವರಿಲ್ಲ. ಕುಗ್ಗಿದ ಮನಸ್ಸು ಅರಳುತ್ತದೆ. ಈ ಔಷಧವನ್ನು ಪಡೆಯಲು ಸಾವಿರಾರು ಮೈಲಿ ಪ್ರಯಾಣ ಮಾಡಬೇಕೆ?

ನಮ್ಮಲ್ಲಿ ಒಂದು ಶಬ್ದವೇ ಅನರ್ಥಕ್ಕೆ ಕಾರಣವಾಗಿದೆ. ಚರಕಸಂಹಿತೆಯಲ್ಲಿ ‘ಕುಷ್ಠ’ವೆಂಬುದು ಚರ್ಮರೋಗಗಳ ಸಾಮಾನ್ಯನಾಮ, ಏಳು ಮಹಾಕುಷ್ಠ, ಹನ್ನೊಂದು ಕ್ಷುದ್ರಕುಷ್ಠ ಸೇರಿ 18 ಬಗೆ. ಬಳಕೆಯಲ್ಲಿ ಆ ಶಬ್ದ ಒಂದೇ ರೋಗಕ್ಕೆ ನಿಂತಿತು. ಕಳಂಕ ಮಾತ್ರ ಎಲ್ಲ ಮಚ್ಚೆಗಳಿಗೂ ಅಂಟಿಕೊಂಡಿತು. ಆ ಕುಷ್ಠವೂ ಇಂದು ಔಷಧದಿಂದ ಗುಣವಾಗುತ್ತದೆ. ಸೋರಿಯಾಸಿಸ್ ಅಂತೂ ಮುಟ್ಟಿದರೆ ಹರಡುವುದೇ ಇಲ್ಲ. ಅದು ಸಾಂಕ್ರಾಮಿಕವಲ್ಲವೆಂಬುದನ್ನು 2014ರ ವಿಶ್ವ ಆರೋಗ್ಯ ಸಭೆಯ ನಿರ್ಣಯವೂ ಹೇಳಿದೆ. ಹೀಗಿದ್ದೂ ಮೊಣಕೈಯಲ್ಲಿ ಹೊಟ್ಟೆದ್ದ ಹುಡುಗನ ಪಕ್ಕದಲ್ಲಿ ಕೂಡಲು ಜೊತೆಯವರು ಹಿಂಜರಿದರೆ, ಅವನ ತಟ್ಟೆ ಬೇರೆಯಾದರೆ, ತಪ್ಪು ಮಕ್ಕಳದಲ್ಲ, ತಿಳಿಯಹೇಳದ ಹಿರಿಯರದು.

ದಾಸೋಹದ ಪಂಕ್ತಿಯಲ್ಲಿ ಕುಲವನ್ನು ಕೇಳದ ಪರಂಪರೆಯಲ್ಲಿ ಚರ್ಮವನ್ನು ನೋಡಿ ಎಡೆ ಬದಲಾಗಬಾರದು. ಅಧ್ಯಾಪಕರು ತರಗತಿಯಲ್ಲಿ ಈ ಮಾತನ್ನು ಬಿಡಿಸಿ ಹೇಳಲಿ. ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ವರ್ಷಕ್ಕೊಮ್ಮೆಯಾದರೂ ಚರ್ಮವೈದ್ಯರನ್ನು ಪ್ರಸಾದನಿಲಯಕ್ಕೆ ಕರೆಸುವ ಏರ್ಪಾಡು ಮಾಡಲಿ. ಮೃತ ಸಮುದ್ರವನ್ನು ಇಲ್ಲಿಗೆ ತರಲಾಗದು. ಆ ಹುಡುಗನನ್ನು ಪಂಕ್ತಿಗೆ ಕರೆತರುವುದು ಸಾಧ್ಯ.