ಹಟ್ಟಿಯವರ ಮಾತಿಗೂ ಸಾಕ್ಷಿಯ ಬೆಲೆ ಸಿಗಲಿ

ಚಿತ್ರದುರ್ಗದ ಕೋಟೆ ನೋಡಲು ಬಂದವರು ಓಬವ್ವನ ಕಿಂಡಿಯ ಮುಂದೆ ಒಂದು ಗಳಿಗೆ ನಿಲ್ಲದೆ ಹೋಗುವುದಿಲ್ಲ. ಹೈದರಾಲಿಯ ಸೈನಿಕರು ಆ ಸಂದಿಯಲ್ಲಿ ಒಬ್ಬೊಬ್ಬರಾಗಿ ನುಸುಳಿದ್ದು, ಕಹಳೆ ಮುದ್ದಹನುಮನ ಹೆಂಡತಿ ಓಬವ್ವ ಒನಕೆ ಹಿಡಿದು ನಿಂತದ್ದು, ಎಲ್ಲವೂ ತಲೆಮಾರುಗಳಿಂದ ಜನರ ಬಾಯಲ್ಲಿ ಉಳಿದು ಬಂದ ಕಥೆ. 1972ರ ‘ನಾಗರಹಾವು’ ಸಿನಿಮಾ ಅದನ್ನು ನಾಡಿನ ಮನೆಮನೆಗೆ ಮುಟ್ಟಿಸಿತು. 2021ರಿಂದ ರಾಜ್ಯ ಸರ್ಕಾರವೇ ನವೆಂಬರ್ 11ರಂದು ಓಬವ್ವನ ಜಯಂತಿ ಆಚರಿಸುತ್ತಿದೆ. ಬಾಯಿಂದ ಬಾಯಿಗೆ ಬಂದ ಮಾತನ್ನು ಚರಿತ್ರೆಯೆಂದು ಒಪ್ಪಿಕೊಳ್ಳಲು ಇಲ್ಲಿ ಯಾರಿಗೂ ಅಡ್ಡಿಯಾಗಲಿಲ್ಲ.

ಅದೇ ಗೌರವ ಇದೇ ಜಿಲ್ಲೆಯ ಗೊಲ್ಲರಹಟ್ಟಿಗಳಿಗೆ ಸಿಕ್ಕಿದೆಯೇ?

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಳ್ಳಕೆರೆಯಿಂದ ಹಿಡಿದು ಪಕ್ಕದ ಶಿರಾದವರೆಗೆ ಕಾಡುಗೊಲ್ಲರ ಹಟ್ಟಿಗಳಿವೆ. ದನ, ಕುರಿ ಸಾಕಿಕೊಂಡು ಬಂದ ಈ ಜನರಿಗೆ ಜುಂಜಪ್ಪ, ಎತ್ತಪ್ಪ ಬರೀ ಕಥೆಯ ನಾಯಕರಲ್ಲ, ಕುಲದ ಹಿರಿಯರು, ದೈವಗಳು. ಉದ್ದನೆಯ ಬಿದಿರಿನ ಗಣೆ ಊದುತ್ತಾ ಗಣೆಗಾರರು ಜುಂಜಪ್ಪನ ಕಥೆ ಹಾಡುತ್ತಾರೆ. ಹುಟ್ಟಿದ್ದು ಎಲ್ಲಿ, ದನ ಅಟ್ಟಿಕೊಂಡು ಹೋದದ್ದು ಯಾವ ದಾರಿಯಲ್ಲಿ, ಯಾರು ನೆಂಟರು, ಯಾರು ಹಗೆಗಳು ಎಂಬುದೆಲ್ಲ ಆ ಹಾಡಿನಲ್ಲಿದೆ. ಬರಹದಲ್ಲಿ ಇಟ್ಟುಕೊಳ್ಳದ ಒಂದು ಸಮುದಾಯ ತನ್ನ ವಂಶಾವಳಿಯನ್ನೂ ಭೂಪಟವನ್ನೂ ಹೀಗೆ ಹಾಡಿನಲ್ಲಿ ಇಟ್ಟುಕೊಂಡಿದೆ.

ಚಳ್ಳಕೆರೆ ತಾಲ್ಲೂಕಿನ ಚನ್ನಮ್ಮನಾಗತಿಹಳ್ಳಿಯ ಕ್ಯಾತಪ್ಪನ ಜಾತ್ರೆಗೆ ಹೋದವರಿಗೆ ಇದು ಕಣ್ಣಿಗೇ ಕಾಣುತ್ತದೆ. ಬಾರೆ ಮುಳ್ಳಿನ ಕಂಟಿಗಳನ್ನು ಕಡಿದು ತಂದು, ಆಳೆತ್ತರಕ್ಕೂ ಮೀರಿ ಒಟ್ಟಿ, ದೇವರಿಗೆ ಗುಡಿ ಕಟ್ಟುತ್ತಾರೆ. ತುದಿಯಲ್ಲಿ ಕಳಸ. ಹರಕೆ ಹೊತ್ತವರು ಬರಿಗಾಲಲ್ಲಿ ಆ ಮುಳ್ಳಿನ ಮೇಲೆ ನುಗ್ಗಿ ಹತ್ತಿ ಕಳಸ ಕೀಳುತ್ತಾರೆ. ಪತ್ರಿಕೆಗಳಲ್ಲಿ ಆ ಸಾಹಸದ ಚಿತ್ರ ಬರುತ್ತದೆ. ಅದರ ಹಿಂದಿನ ಕಥೆಯನ್ನು, ಯಾವ ಕುಲದವರಿಗೆ ಯಾವ ಕೆಲಸ ಎಂಬ ಕಟ್ಟುಕಟ್ಟಳೆಯನ್ನು, ಹಟ್ಟಿಯ ಹಿರಿಯರ ಬಾಯಿಂದಲೇ ಕೇಳಬೇಕು.

ಕೇಳಿದವರು ಇಲ್ಲವೆಂದಲ್ಲ. ತೀ.ನಂ. ಶಂಕರನಾರಾಯಣ ಕಾಡುಗೊಲ್ಲರ ಸಂಪ್ರದಾಯ, ನಂಬಿಕೆಗಳನ್ನು ಕುರಿತು ಆಳವಾದ ಅಧ್ಯಯನ ಮಾಡಿದರು. ಇದೇ ನೆಲದ ಮೀರಾಸಾಬಿಹಳ್ಳಿ ಶಿವಣ್ಣ ಹಟ್ಟಿಯ ವೀರರ ಕಥನಗಳನ್ನು ಬರಹಕ್ಕೆ ತಂದರು. ಕೃಷ್ಣಮೂರ್ತಿ ಹನೂರರು ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹಾಡುಗಳನ್ನು ಸಂಗ್ರಹಿಸಿ ನಾಡಿನ ಮುಂದಿಟ್ಟರು. ಓದುಬರಹ ಬಾರದ ಆ ಅಜ್ಜಿಯ ನೆನಪಿನಲ್ಲಿದ್ದ ಹಾಡುಗಳ ರಾಶಿ ವಿದ್ವಾಂಸರನ್ನು ಬೆರಗುಗೊಳಿಸಿತು. ಅದಕ್ಕಿಂತ ದೊಡ್ಡ ಸಂಗತಿಯೆಂದರೆ ಸಿರಿಯಜ್ಜಿ ತನ್ನ ಹೆಸರಿನಿಂದಲೇ ನಾಡಿಗೆ ಗೊತ್ತಾದದ್ದು. ಸಾಮಾನ್ಯವಾಗಿ ಇಂಥ ಸಂಗ್ರಹಗಳ ಮುಖಪುಟದಲ್ಲಿ ಸಂಪಾದಕರ ಹೆಸರು ದಪ್ಪಕ್ಷರದಲ್ಲಿ ಇರುತ್ತದೆ. ಹಾಡಿದವರ ಹೆಸರು ಕೊನೆಯ ಪುಟದ ಪಟ್ಟಿಯಲ್ಲಿ ‘ವಕ್ತೃಗಳು’ ಎಂದು ಬರುತ್ತದೆ.

ಸಂಶೋಧನೆಗೆ ಈ ಅಭ್ಯಾಸ ಹಳೆಯದು. 1909ರಲ್ಲಿ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ಹೊರತಂದ. ಜನರ ತಲೆ, ಮೂಗುಗಳನ್ನು ಅಳೆದು ಜಾತಿಗಳನ್ನು ವಿಂಗಡಿಸಲು ಹೊರಟ ಕಾಲ ಅದು. ಅಳತೆಗೆ ನಿಂತವರನ್ನು ನಿಮ್ಮ ಅಭಿಪ್ರಾಯವೇನು ಎಂದು ಕೇಳಬೇಕೆಂಬ ಯೋಚನೆ ಆ ಶಾಸ್ತ್ರಕ್ಕೆ ಇರಲಿಲ್ಲ. ನ್ಯೂಜಿಲೆಂಡಿನ ಮಾವೋರಿ ವಿದ್ವಾಂಸೆ ಲಿಂಡಾ ತುಹಿವಾಯಿ ಸ್ಮಿತ್ 1999ರಲ್ಲಿ ಬರೆದ ಪುಸ್ತಕದಲ್ಲಿ ಇದನ್ನೇ ಎತ್ತಿ ಆಡಿದರು. ಮೂಲನಿವಾಸಿಗಳ ಮೇಲೆ ನಡೆದ ಸಂಶೋಧನೆ ಆಳುವವರ ಆಳ್ವಿಕೆಯ ಭಾಗವೇ ಆಗಿತ್ತು, ಇನ್ನು ಮುಂದೆ ಪ್ರಶ್ನೆಗಳನ್ನು ಆ ಜನರೇ ರೂಪಿಸಬೇಕು ಎಂಬುದು ಅವರ ವಾದ.

ಆ ವಾದ ದುರ್ಗದ ಸೀಮೆಗೆ ನೇರವಾಗಿ ಸಲ್ಲುತ್ತದೆ. ಕಾಡುಗೊಲ್ಲರು ಪರಿಶಿಷ್ಟ ಪಂಗಡದ ಮಾನ್ಯತೆಗಾಗಿ ವರ್ಷಗಳಿಂದ ಹೋರಾಡುತ್ತಿದ್ದಾರೆ. ಕುಲಶಾಸ್ತ್ರೀಯ ಅಧ್ಯಯನ ನಡೆದಿದೆ, ರಾಜ್ಯದಿಂದ ಕೇಂದ್ರಕ್ಕೆ ಶಿಫಾರಸೂ ಹೋಗಿದೆ. ಇಂಥ ಬೇಡಿಕೆಗಳನ್ನು ಅಳೆಯುವ ಕೋಲು ಮಾತ್ರ 1965ರ ಲೋಕೂರ್ ಸಮಿತಿಯದು: ಆದಿಮ ಲಕ್ಷಣ, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರೊಡನೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ. ಮಗಳನ್ನು ಕಾಲೇಜಿಗೆ ಕಳಿಸಿದ ತಂದೆ ತಾನು ಇನ್ನೂ ಆದಿಮನೆಂದು ರುಜುವಾತು ಮಾಡಬೇಕು. ಇತ್ತ ಜಾತಿ ಪ್ರಮಾಣಪತ್ರದಲ್ಲಿ ‘ಗೊಲ್ಲ’ ಎಂದಷ್ಟೇ ಬರೆದುಕೊಟ್ಟರೆ ‘ಕಾಡುಗೊಲ್ಲ’ರೆಂಬ ಗುರುತೇ ಅಳಿಸಿಹೋಗುತ್ತದೆ. ಇಡೀ ಹಟ್ಟಿ ತಲೆಮಾರುಗಳಿಂದ ಹಾಡಿಕೊಂಡು ಬಂದ ಗುರುತು ತಾಲ್ಲೂಕು ಕಚೇರಿಯ ಒಂದು ಕಾಲಂನಲ್ಲಿ ಸಿಕ್ಕಿಕೊಂಡಿದೆ.

ಈ ಅಳತೆಗೋಲಿನ ಬಿಸಿ ಹೆಚ್ಚು ತಟ್ಟುವುದು ಹೆಂಗಸರಿಗೆ. ಮುಟ್ಟಾದವರನ್ನು, ಬಾಣಂತಿಯರನ್ನು ಸೂತಕವೆಂದು ಹಟ್ಟಿಯ ಹೊರಗಿನ ಗುಡಿಸಲಲ್ಲಿ ಇರಿಸುವ ಪದ್ಧತಿ ಹಲವು ಹಟ್ಟಿಗಳಲ್ಲಿ ಇನ್ನೂ ಇದೆ. ಅಧ್ಯಯನದ ವರದಿಗಳಲ್ಲಿ ಅದು ‘ವಿಶಿಷ್ಟ ಆಚರಣೆ’. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಮಳೆ ಗಾಳಿಗೆ ಒಡ್ಡಿದ ಅಂಥದೊಂದು ಗುಡಿಸಲಲ್ಲಿದ್ದ ಬಾಣಂತಿಯ ಎಳೆಗೂಸು ತೀರಿಕೊಂಡಿತು. ಹೀಗೆ ಹೊರಗಿರುವ ಹೆಂಗಸರಿಗೆಂದು ಸರ್ಕಾರ ಕೃಷ್ಣ ಕುಟೀರಗಳೆಂಬ ಕಟ್ಟಡಗಳನ್ನು ಕಟ್ಟಿಸಿದೆ. ಗುಡಿಸಲಿಗಿಂತ ಅವು ಮೇಲು, ಒಪ್ಪಬೇಕು. ಆದರೆ ಹೆಂಗಸರು ಹೊರಗೇ ಇರಬೇಕೆಂಬ ಕಟ್ಟಳೆಗೆ ಅವು ಸಿಮೆಂಟಿನ ಗೋಡೆ ಕೊಟ್ಟಂತೆಯೂ ಆಯಿತು. ಹೊರಗೆ ಕೂತವರು ಆ ರಾತ್ರಿಗಳ ಬಗ್ಗೆ ಏನು ಹೇಳುತ್ತಾರೆ ಎಂಬುದು ವರದಿಗಳಲ್ಲಿ ಸಿಗುವುದು ಕಡಿಮೆ. ಸಂಸ್ಕೃತಿಯ ವಕ್ತಾರರಾಗಿ ಯಜಮಾನರು, ಪೂಜಾರಿಗಳು ಮಾತಾಡುತ್ತಾರೆ. ಬಾಣಂತಿ ಮಾತಾಡಿದರೆ ಅದನ್ನು ದೂರು ಎಂದು ತೆಗೆದುಕೊಳ್ಳುತ್ತಾರೆ. ಸಿರಿಯಜ್ಜಿಯನ್ನು ಕೊಟ್ಟ ಸಮುದಾಯದಲ್ಲಿ ಹೆಂಗಸರಿಗೆ ಮಾತು ಬಾರದು ಎಂದು ಯಾರೂ ಹೇಳಲಾರರು.

ಹಟ್ಟಿಯ ಮಕ್ಕಳು ಈಗ ದುರ್ಗದ ಪಕ್ಕದ ಗುಡ್ಡದ ರಂಗವ್ವನಹಳ್ಳಿಯ ಸ್ನಾತಕೋತ್ತರ ಕೇಂದ್ರದಂಥ ಕಡೆ ಓದುವ ಕಾಲ ಬಂದಿದೆ. ಅವರು ತಮ್ಮ ಅವ್ವ, ಅಜ್ಜಿಯರ ಅನುಭವವನ್ನೇ ವಿಷಯವಾಗಿ ಎತ್ತಿಕೊಂಡರೆ ‘ಇದು ವಸ್ತುನಿಷ್ಠವಲ್ಲ’ ಎಂದು ತಳ್ಳಿಹಾಕಬಾರದು. ಅಂಥ ಸಂಶೋಧನೆಗೆ ವಿಶ್ವವಿದ್ಯಾಲಯಗಳು ಹಣ, ಮಾರ್ಗದರ್ಶನ ಎರಡನ್ನೂ ಕೊಡಬೇಕು. ಹಾಡು ಧ್ವನಿಮುದ್ರಿಸಿಕೊಂಡವರು ಅದರ ಪ್ರತಿಯನ್ನು ಹಟ್ಟಿಯ ಶಾಲೆಗೆ ತಲುಪಿಸಬೇಕು. ಪುಸ್ತಕವಾದರೆ ಹಾಡಿದವರ ಹೆಸರು ಮುಖಪುಟಕ್ಕೆ ಬರಬೇಕು, ಗೌರವಧನದಲ್ಲಿ ಪಾಲೂ ಸಿಗಬೇಕು. ಸರ್ಕಾರ ಇನ್ನೊಮ್ಮೆ ಕುಲಶಾಸ್ತ್ರೀಯ ಅಧ್ಯಯನ ಮಾಡಿಸುವುದಾದರೆ ಆ ತಂಡದಲ್ಲಿ ಹಟ್ಟಿಯ ಓದಿದ ಹೆಣ್ಣುಮಕ್ಕಳು ಇರಲಿ, ಪ್ರಶ್ನಾವಳಿಯನ್ನು ಅವರೇ ಬರೆಯಲಿ. ಕೃಷ್ಣ ಕುಟೀರಕ್ಕೆ ಮುಂದಿನ ವರ್ಷ ಅನುದಾನ ಬೇಕೇ ಬೇಡವೇ ಎಂಬುದನ್ನೂ ಅಲ್ಲಿ ರಾತ್ರಿ ಕಳೆದವರನ್ನು ಕೇಳಿಯೇ ತೀರ್ಮಾನಿಸಲಿ.