ಮಳೆಗೆ ಬಾಗುವ ವೇಳಾಪಟ್ಟಿ ಮಗುವಿಗೇಕೆ ಬಾಗದು?

ಮುಂಗಾರು ಬಿರುಸಾದ ದಿನಗಳಲ್ಲಿ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಮನೆಗಳಲ್ಲಿ ಫಜ್ರ್ ನಮಾಝಿನ ಬೆನ್ನಿಗೆ ಕೇಳಿಬರುವ ಪ್ರಶ್ನೆ ಒಂದೇ: ಇಂದು ಶಾಲೆಗೆ ರಜೆಯೇ? ಜಿಲ್ಲಾಡಳಿತ ರಜೆ ಸಾರುತ್ತದೆ. ತಪ್ಪಿದ ಪಾಠಗಳನ್ನು ಮುಂದೆ ಶನಿವಾರಗಳಂದು ಪೂರ್ಣ ದಿನ ತರಗತಿ ನಡೆಸಿ ತುಂಬಿಕೊಳ್ಳಲಾಗುತ್ತದೆ. ಇದನ್ನು ಯಾರೂ ಶಿಸ್ತಿನ ಭಂಗವೆನ್ನುವುದಿಲ್ಲ. 2025ರ ಅಕ್ಟೋಬರ್‌ನಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗಾಗಿ ಸರಕಾರಿ ಶಾಲೆಗಳ ರಜೆಯನ್ನು 18ನೇ ತಾರೀಕಿನವರೆಗೆ ವಿಸ್ತರಿಸಲಾಯಿತು. ಕಲಬುರಗಿ ವಿಭಾಗದಲ್ಲಿ ಬೇಸಿಗೆ ಬಂದರೆ ಸರಕಾರಿ ಕಚೇರಿಗಳೇ ಬೆಳಗಿನ ಹೊತ್ತಿಗೆ ಹೊರಳುತ್ತವೆ. ಮಳೆಗೆ, ಬಿಸಿಲಿಗೆ, ಸಮೀಕ್ಷೆಗೆ ಬಾಗುವ ವೇಳಾಪಟ್ಟಿ ಮಗುವಿನ ಅಗತ್ಯದ ಮಾತೆತ್ತಿದೊಡನೆ ಕಲ್ಲಾಗುವುದೇಕೆ?

ಯಾವ ಮಗು ಎಂದು ಕೇಳಬಹುದು. ಬಂದರಿನಲ್ಲಿ ನಸುಕಿಗೇ ಮೀನು ಇಳಿಸಲು ತಂದೆಗೆ ನೆರವಾಗಿ, ಎರಡನೆಯ ಪಿರಿಯಡ್ಡಿಗೆ ಓಡಿಬಂದು ಗೈರುಹಾಜರಿ ಹಾಕಿಸಿಕೊಳ್ಳುವ ಹುಡುಗ. ತಾಯಿ ಹಾಸಿಗೆ ಹಿಡಿದುದರಿಂದ ಅಡುಗೆ ಮುಗಿಸಿ ತಮ್ಮಂದಿರನ್ನು ಸಿದ್ಧಗೊಳಿಸಿ ಹೊರಡಬೇಕಾದ ಹುಡುಗಿ. ಇವರಲ್ಲಿ ಮೊಗವೀರರ ಮಕ್ಕಳೂ ಇದ್ದಾರೆ, ಖಾರ್ವಿಗಳ ಮಕ್ಕಳೂ ಇದ್ದಾರೆ, ನಮ್ಮವರೂ ಇದ್ದಾರೆ. ತಿಂಗಳುಗಟ್ಟಲೆ ಹೀಗೆ ನಡೆದ ಮೇಲೆ ಒಂದು ದಿನ ಮಗು ಶಾಲೆಗೇ ಬರುವುದಿಲ್ಲ. ಆಗ ಅದನ್ನು 'ಶಾಲೆ ಬಿಟ್ಟ ಮಗು' ಎಂದು ದಾಖಲಿಸುತ್ತಾರೆ. ಶಾಲೆಯೇ ಮಗುವನ್ನು ಬಿಟ್ಟಿತೆಂದು ಬರೆಯಲು ಆ ನಮೂನೆಯಲ್ಲಿ ಅಂಕಣವಿಲ್ಲ.

ಕಾನೂನು ಅಡ್ಡಿಯಾಗಿದೆ ಎನ್ನುವವರು ಕಾನೂನನ್ನು ಓದಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆಗಳ ಬೋಧನೆಯನ್ನೂ, ಆರರಿಂದ ಎಂಟನೆಯ ತರಗತಿಗೆ 220 ದಿನ, 1000 ಗಂಟೆಗಳ ಬೋಧನೆಯನ್ನೂ ಕನಿಷ್ಠವೆಂದು ವಿಧಿಸಿದೆ. ಭಾಗಿಸಿ ನೋಡಿದರೆ ಚಿಕ್ಕ ಮಕ್ಕಳಿಗೆ ದಿನಕ್ಕೆ ನಾಲ್ಕು ಗಂಟೆ, ದೊಡ್ಡವರಿಗೆ ನಾಲ್ಕೂವರೆ. ಆ ಗಂಟೆಗಳು ಇಷ್ಟು ಹೊತ್ತಿಗೇ ಆರಂಭವಾಗಬೇಕೆಂದು ಅನುಸೂಚಿ ಹೇಳಿಲ್ಲ. ಶೈಕ್ಷಣಿಕ ವೇಳಾಪಟ್ಟಿಯನ್ನು ನಿರ್ಧರಿಸುವ ಹೊಣೆಯನ್ನು 9ನೆಯ ಕಲಮು ಸ್ಥಳೀಯ ಪ್ರಾಧಿಕಾರಕ್ಕೇ ವಹಿಸಿದೆ. ಗಂಟೆಗಳಲ್ಲಿ ರಿಯಾಯಿತಿ ಬೇಡ. ಅವುಗಳನ್ನು ಪೂರೈಸುವ ಹೊತ್ತಿನಲ್ಲಿ ಸಡಿಲಿಕೆ ಸಾಕು. ಅಮೆರಿಕದ ಟೆಕ್ಸಾಸ್ ರಾಜ್ಯವು ಶಾಲೆ ಬಿಡುವ ಅಪಾಯದಲ್ಲಿರುವ ಮಕ್ಕಳಿಗೆ ಸರಕಾರಿ ಶಾಲೆಗಳಲ್ಲೇ ಇಂಥ ಸಡಿಲ ವೇಳೆಯ ವ್ಯವಸ್ಥೆಯನ್ನು ಕಾನೂನಿನ ಮೂಲಕ ಒದಗಿಸಿದೆ.

ಇದು ಶಾಲೆಯೊಳಗೆ ಧರ್ಮವನ್ನು ನುಸುಳಿಸುವ ಉಪಾಯವೆಂಬ ಆಕ್ಷೇಪ ಬಂದೇ ಬರುತ್ತದೆ. ಸರಕಾರದ ಹಣದಿಂದಲೇ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದೆಂದು ಸಂವಿಧಾನದ 28ನೆಯ ವಿಧಿ ಹೇಳಿದೆ. ಅದನ್ನು ನಾವು ಒಪ್ಪುತ್ತೇವೆ, ನಮ್ಮ ರಕ್ಷಣೆಯೆಂದೇ ಭಾವಿಸುತ್ತೇವೆ. ಆದರೆ ಪಕ್ಕದ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೂ ಶುಕ್ರವಾರ ಮಧ್ಯಾಹ್ನ ದೀರ್ಘ ವಿರಾಮವಿದೆ. ಬೆಳಗ್ಗೆ ಬೇಗ ತೊಡಗಿ, ಸಂಜೆ ತಡವಾಗಿ ಬಿಟ್ಟು ಆ ವೇಳೆಯನ್ನು ಸರಿದೂಗಿಸುತ್ತಾರೆ. ಅದರಿಂದ ಮಂಜೇಶ್ವರದ ಯಾವ ಶಾಲೆಯೂ ಮದ್ರಸಾ ಆಗಿಲ್ಲ.

ಇನ್ನು ನಮ್ಮ ಮನೆಯ ಮಾತು. ಓದುಗರು ಮುನಿಯಬಾರದು.

2025ರಲ್ಲಿ ಕೇರಳ ಸರಕಾರವು ಪ್ರೌಢಶಾಲೆಗಳ ದಿನವನ್ನು ಬೆಳಗ್ಗೆ 15, ಸಂಜೆ 15 ನಿಮಿಷ ಹಿಗ್ಗಿಸಿದಾಗ, ಬೆಳಗಿನ ಮದ್ರಸಾಕ್ಕೆ ತೊಡಕಾಗುತ್ತದೆಂದು ಸಮಸ್ತ ಉಲಮಾ ಸಂಘಟನೆ ವಿರೋಧಿಸಿತು. ಅವರ ಆತಂಕ ನಿರಾಧಾರವಲ್ಲ. ನಮ್ಮ ಜಮಾಅತ್‌ಗಳಲ್ಲೂ ಆ ಸುದ್ದಿಯನ್ನು ಹುರುಪಿನಿಂದ ಚರ್ಚಿಸಿದರು. ಆದರೆ ಆ ಚರ್ಚೆಯ ನಡುವೆ, 'ನಮ್ಮ ಮದ್ರಸಾದ ವೇಳೆಯನ್ನು ಮಗುವಿಗಾಗಿ ನಾವು ಕೊನೆಯ ಬಾರಿ ಬದಲಿಸಿದ್ದು ಯಾವಾಗ?' ಎಂದು ಕೇಳಿದ್ದಕ್ಕೆ ನನಗೆ ಸಿಕ್ಕಿದ್ದು ಮೌನ ಮಾತ್ರ. ಶನಿವಾರ ಬೆಳಗ್ಗೆಯೇ ಶಾಲೆಯೆಂದು ನಮಗೆ ಗೊತ್ತು, ಆದರೂ ಮದ್ರಸಾದ ಹಾಜರಿ ಎಂದಿನ ಹೊತ್ತಿಗೇ. ಎಸ್ಸೆಸ್ಸೆಲ್ಸಿ ಪರೀಕ್ಷೆ ಬಾಗಿಲಲ್ಲಿದ್ದರೂ ನಮ್ಮ ಪರೀಕ್ಷೆಯ ದಿನಾಂಕ ಕದಲುವುದಿಲ್ಲ. ರಾತ್ರಿ ಟ್ಯೂಷನ್ ಮುಗಿಸಿ ಮಲಗಿದ ಮಗು ನನ್ನ ಮುಂದೆ ಯಸ್ಸರ್ನಲ್ ಕುರ್‌ಆನ್ ತೆರೆದಿಟ್ಟುಕೊಂಡು ತೂಕಡಿಸುತ್ತದೆ. ಅದನ್ನು ಗದರಿಸಿದವರಲ್ಲಿ ನಾನೂ ಒಬ್ಬ.

ಮುಆದ್(ರ)ರ ಪ್ರಸಂಗವನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ದಿನವಿಡೀ ಒಂಟೆಗಳಿಂದ ನೀರು ಹಾಯಿಸಿ ದಣಿದು ಬಂದ ಒಬ್ಬರು, ಮುಆದ್‌ರ ದೀರ್ಘ ಪಾರಾಯಣವನ್ನು ತಾಳಲಾರದೆ ಜಮಾಅತಿನಿಂದ ಸರಿದು ಒಂಟಿಯಾಗಿ ನಮಾಝ್ ಮುಗಿಸಿ ಹೋದರು. ದೂರು ಪ್ರವಾದಿ(ಸ)ಯವರ ಬಳಿಗೆ ಹೋಯಿತು. ಪ್ರವಾದಿ(ಸ) ಗದರಿದ್ದು ದಣಿದವನನ್ನಲ್ಲ, ಇಮಾಮರನ್ನು. ಹಿಂದೆ ನಿಂತವರಲ್ಲಿ ವೃದ್ಧರು, ದುರ್ಬಲರು, ಕೆಲಸದ ಅವಸರವುಳ್ಳವರು ಇರುತ್ತಾರೆಂಬುದನ್ನು ಅವರಿಗೆ ನೆನಪಿಸಿದರು. ಮಗುವಿನ ಅಳು ಕೇಳಿಸಿದಾಗ, ತಾಯಿಗೆ ಕಷ್ಟವಾಗದಿರಲೆಂದು ಸ್ವತಃ ಪ್ರವಾದಿ(ಸ) ನಮಾಝನ್ನೇ ಮೊಟಕುಗೊಳಿಸುತ್ತಿದ್ದರು. ನಮಾಝ್ ಸಡಿಲಗೊಳ್ಳಬಹುದಾದರೆ ನಮ್ಮ ಬೆಳಗಿನ ಏಳು ಗಂಟೆಯ ಪಾಠಕ್ಕೆ ಅದಕ್ಕಿಂತ ಮಿಗಿಲಾದ ಪಾವಿತ್ರ್ಯ ಎಲ್ಲಿಂದ ಬಂತು?

ಬಾಗದ ಮದ್ರಸಾವನ್ನು ಬೆನ್ನಿಗಿಟ್ಟುಕೊಂಡು ಶಾಲೆಯನ್ನು ಬಾಗೆಂದು ಕೇಳಿದರೆ ಮುಖ್ಯೋಪಾಧ್ಯಾಯರು ನಮ್ಮನ್ನು ನಂಬುವುದಿಲ್ಲ, ನಂಬಲೂಬಾರದು. ಬೇರೆ ಕೆಲವರು ಕೇಳುವುದೇ ಬೇಡವೆನ್ನುತ್ತಾರೆ. 2022ರ ಫೆಬ್ರವರಿಯಲ್ಲಿ ಕುಂದಾಪುರದಲ್ಲಿ ನಮ್ಮ ಹೆಣ್ಣುಮಕ್ಕಳು ಕಾಲೇಜಿನ ಗೇಟಿನ ಹೊರಗೆ ನಿಂತುದನ್ನು ಕಂಡ ಹೆತ್ತವರಿಗೆ, ಇನ್ನೊಂದು ಮನವಿ ಇನ್ನೊಂದು ಗೇಟನ್ನು ಮುಚ್ಚಿಸೀತೆಂಬ ಭಯ. ಆ ಭಯವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಮೌನದ ಬೆಲೆಯನ್ನು ತೆರುತ್ತಿರುವವರು ಮಕ್ಕಳು. ಅಲ್ಲದೆ ಮನವಿ ನಮ್ಮೊಬ್ಬರದೇ ಆಗಬೇಕಾಗಿಲ್ಲ. ಕಾಯ್ದೆಯ 21ನೆಯ ಕಲಮಿನ ಪ್ರಕಾರ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಹೆತ್ತವರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಬಂದರಿನ ಕೆಲಸಕ್ಕೆ ಮಗನನ್ನು ಕಳುಹಿಸಬೇಕಾದ ಮೊಗವೀರ ತಾಯಿಯೂ ನಮ್ಮ ತಾಯಂದಿರೂ ಒಟ್ಟಿಗೆ ಸಹಿ ಹಾಕಿದ ಮನವಿಯನ್ನು ಕೋಮಿನ ಬೇಡಿಕೆಯೆಂದು ತಳ್ಳಿಹಾಕುವುದು ಸುಲಭವಲ್ಲ.

ಮೇ ತಿಂಗಳ ಕೊನೆಗೆ ಶಾಲೆಗಳು ತೆರೆಯುವ ಮುನ್ನ ಪ್ರತಿ ಜಮಾಅತ್ ಸಮಿತಿಯೂ ಒಂದು ಸಂಜೆ ಕುಳಿತು ಶಾಲೆಯ ವೇಳಾಪಟ್ಟಿಯನ್ನೂ ಮದ್ರಸಾದ ವೇಳಾಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಲಿ. ಮೊದಲ ತಿದ್ದುಪಡಿ ನಮ್ಮದರಲ್ಲಾಗಲಿ: ಶನಿವಾರ ಬೆಳಗಿನ ಪಾಠ ಅಸರ್ ಬಳಿಕಕ್ಕೆ ಹೋಗಲಿ, ಹತ್ತನೆಯ ತರಗತಿಯವರಿಗೆ ಜನವರಿಯಿಂದ ವಾರಕ್ಕೆ ಮೂರೇ ದಿನ ಸಾಕು. ಆ ತಿದ್ದಿದ ಹಾಳೆಯನ್ನು ಹಿಡಿದುಕೊಂಡೇ ಎಸ್‌ಡಿಎಂಸಿ ಸಭೆಗೆ ಹೋಗೋಣ. ಮನವಿಯನ್ನು ಕನ್ನಡದಲ್ಲಿ ಬರೆಯಲು ಕೈ ಬೇಕಾದವರು ತಿಳಿಸಿದರೆ ನಾನು ಬರೆದುಕೊಡುತ್ತೇನೆ.